ಪೇಟಿಯ ಗಾಂಧಾರ

ಬಾಗಲಕೋಟೆಯ ವಿದ್ಯಾಗಿರಿಯನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರಬಹುದು. ಹಳೆಯ ಊರು ಒಂದು ಕಡೆ, ಮುಳುಗಡೆಯಾದವರಿಗಾಗಿ ಕಟ್ಟಿದ ನವನಗರ ಇನ್ನೊಂದು ಕಡೆ. ಅವೆರಡರ ನಡುವೆ ಕಾಲೇಜುಗಳ, ಹಾಸ್ಟೆಲುಗಳ ಈ ಬಡಾವಣೆ. 1906ರಲ್ಲಿ ಹುಟ್ಟಿದ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘವು 1963ರಲ್ಲಿ ಇಲ್ಲಿ ಇಂಜಿನಿಯರಿಂಗ್ ಕಾಲೇಜನ್ನು ಆರಂಭಿಸಿದ ಮೇಲೆ ಈ ಭಾಗದ ರೈತರ, ನೇಕಾರರ ಮಕ್ಕಳಿಗೆ ವಿದ್ಯಾಗಿರಿ ಎಂಬುದು ಬರಿಯ ಬಡಾವಣೆಯ ಹೆಸರಾಗಿ ಉಳಿಯಲಿಲ್ಲ. ಮನೆಯಲ್ಲಿ ಮೊದಲ ಬಾರಿಗೆ ಪದವಿ ಪಡೆದವರ ಹೆಸರಿನ ಹಿಂದೆ ಅದು ಸೇರಿಕೊಂಡಿತು.

2014ರ ಜೂನ್ ತಿಂಗಳಲ್ಲಿ ನಾನು ಆ ಕಡೆಗೆ ವರ್ಗವಾಗಿ ಬಂದೆ. ಮಳೆಗಾಲದ ಒಂದು ಸಂಜೆ ಮೂವರು ವಿದ್ಯಾರ್ಥಿಗಳು ನನ್ನ ಕೋಣೆಯ ಬಾಗಿಲಲ್ಲಿ ನಿಂತಿದ್ದರು. ಅವರ ಕಾಲೇಜಿನಲ್ಲಿ ಒಂದು ಸಂಗೀತ ಬಳಗವಿದೆಯಂತೆ, ಕಲಿಸುವವರು ಯಾರೂ ಇಲ್ಲವಂತೆ, ‘ಫಾದರ್ ಪೇಟಿ ಬಾರಸ್ತಾರ’ ಎಂದು ಯಾರೋ ಹೇಳಿದರಂತೆ. ನಮ್ಮ ಉತ್ತರ ಕರ್ನಾಟಕದಲ್ಲಿ ಹಾರ್ಮೋನಿಯಮ್ಮಿಗೆ ಪೇಟಿ ಎಂದೇ ಹೆಸರು. ಗುರುಮಠದಲ್ಲಿದ್ದಾಗ ಬಲಿಪೂಜೆಯ ಗೀತೆಗಳಿಗೆ ನುಡಿಸುವಷ್ಟು ಕಲಿತವನು ನಾನು. ಶಾಸ್ತ್ರೀಯ ಸಂಗೀತದ ವಿದ್ವಾಂಸನೇನಲ್ಲ. ಅದನ್ನು ಅವರಿಗೆ ಆಗಲೇ ಸ್ಪಷ್ಟವಾಗಿ ಹೇಳಬೇಕಿತ್ತು. ಹೇಳಲಿಲ್ಲ. ಕೇಳಿಕೊಂಡು ಬಂದವರ ಮುಂದೆ ಗುರುವಾಗುವ ಆಸೆ ಬಹಳ ಸೂಕ್ಷ್ಮವಾದದ್ದು.

ವಿದ್ಯಾರ್ಥಿಗಳ ಸಂಗೀತ ಬಳಗವನ್ನು ನಡೆಸುವುದೆಂದರೆ ಹರಿಯುವ ನೀರಿನ ಮೇಲೆ ಮನೆ ಕಟ್ಟಿದಂತೆ. ಮೊದಲ ವರ್ಷ ಬಂದವನಿಗೆ ಸ್ವರವೆಂದರೇನೆಂದು ತಿಳಿಯುವಷ್ಟರಲ್ಲಿ ಎರಡನೆಯ ವರ್ಷ ಕಳೆದಿರುತ್ತದೆ. ಮೂರನೆಯ ವರ್ಷ ಚೆನ್ನಾಗಿ ಹಾಡುತ್ತಾನೆ. ನಾಲ್ಕನೆಯ ವರ್ಷ ಉದ್ಯೋಗದ ಸಂದರ್ಶನಗಳ ಹಿಂದೆ ಓಡುತ್ತಾನೆ. ಇಲ್ಲಿಂದ ದೂರವಿಲ್ಲದ ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೆನೆದು ನಾನು ಎಷ್ಟೋ ಸಲ ನಾಚಿದ್ದೇನೆ. ಪಂಚಾಕ್ಷರಿ ಗವಾಯಿಗಳು (1892-1944) ತಾವು ಅಂಧರಾಗಿದ್ದು, ಅಂಧ ಮಕ್ಕಳನ್ನೂ ಅನಾಥರನ್ನೂ ಕೂಡಿಸಿಕೊಂಡು, ಊಟ ಹಾಕಿ, ವಿದ್ಯೆ ಕೊಟ್ಟರು. ಅವರ ನಂತರ ಪುಟ್ಟರಾಜ ಗವಾಯಿಗಳು 2010ರಲ್ಲಿ ಲಿಂಗೈಕ್ಯರಾಗುವವರೆಗೆ ಅದೇ ದೀಪವನ್ನು ಹಿಡಿದರು. ಅಲ್ಲಿ ಶಿಷ್ಯನು ಗುರುವಿನ ಕೆಮ್ಮನ್ನೂ ಕೇಳಿ ಬೆಳೆಯುತ್ತಾನೆ. ನಮಗಿದ್ದದ್ದು ಪ್ರಯೋಗಾಲಯ ಮುಗಿದು ಮೆಸ್ಸಿನ ಊಟದ ಗಂಟೆ ಬಾರಿಸುವವರೆಗಿನ ಒಂದು ತಾಸು. ಅದರಲ್ಲಿಯೂ ಬನದ ಹುಣ್ಣಿಮೆ ಬಂತೆಂದರೆ ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಬೀಡುಬಿಟ್ಟ ನಾಟಕ ಕಂಪನಿಗಳನ್ನು ನೋಡಲು ಅರ್ಧ ಬಳಗವೇ ಮಾಯವಾಗುತ್ತಿತ್ತು. ಮೊದಲ ವರ್ಷ ಗದರಿದೆ. ಎರಡನೆಯ ವರ್ಷ ನಾನೂ ಹೋದೆ.

ಇನ್ನೊಂದು ತೊಡಕು ಶ್ರುತಿಯದು. ಹುಡುಗಿಯರು ಪೇಟಿಯ ನಾಲ್ಕನೆಯ ಕರಿಯ ಮನೆಯನ್ನು ಷಡ್ಜವಾಗಿಟ್ಟುಕೊಂಡರೆ ಸುಖವಾಗಿ ಹಾಡುತ್ತಾರೆ. ಹುಡುಗರಿಗೆ ಒಂದನೆಯ ಅಥವಾ ಎರಡನೆಯ ಕರಿ ಬೇಕು. ಇಬ್ಬರೂ ಕೂಡಿ ಹಾಡಬೇಕಾದಾಗ ನಡುವೆ ಬಿಳಿ ನಾಲ್ಕಕ್ಕೆ ಒಪ್ಪಂದವಾಗುತ್ತದೆ. ಆಗ ತಾರ ಸಪ್ತಕದಲ್ಲಿ ಹುಡುಗರ ಕೊರಳ ನರ ಬಿಗಿಯುತ್ತದೆ, ಮಂದ್ರದಲ್ಲಿ ಹುಡುಗಿಯರ ಧ್ವನಿ ಗಾಳಿಯಾಗುತ್ತದೆ. ಯಾರಿಗೂ ಪೂರ್ಣ ಸಮಾಧಾನವಿಲ್ಲದ ಆ ಎತ್ತರದಲ್ಲಿಯೇ ನಮ್ಮ ಹಾಡುಗಳೆಲ್ಲ ನಡೆದವು.

2015ರಲ್ಲಿ ಬಳಗಕ್ಕೆ ಒಬ್ಬ ಹುಡುಗ ಬಂದ. ಹೆಸರು ಬೇಡ. ಅವನ ಊರು ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿ ಎತ್ತರದ ಪುನರ್ವಸತಿ ಕೇಂದ್ರಕ್ಕೆ ಸ್ಥಳಾಂತರಗೊಂಡದ್ದು. ಜಲಾಶಯದಲ್ಲಿ 519.60 ಮೀಟರಿನವರೆಗೆ ನೀರು ನಿಂತಾಗಲೇ ಅವರ ಹಳೆಯ ಹೊಲ, ಹನುಮಪ್ಪನ ಗುಡಿ ಎಲ್ಲವೂ ಹೋಗಿದ್ದವು. 2010ರ ನ್ಯಾಯಾಧಿಕರಣದ ತೀರ್ಪು 524.256 ಮೀಟರಿಗೆ ಅನುಮತಿ ನೀಡಿದ ಮೇಲೆ ಉಳಿದ ತುಂಡು ಹೊಲದ ಚಿಂತೆಯೂ ಮನೆಯವರಿಗೆ ಹತ್ತಿಕೊಂಡಿತ್ತು. ಅವನ ಅಜ್ಜ ಭಜನೆಯ ಮೇಳದ ಮುಂದಾಳು. ಹುಡುಗ ಏಕತಾರಿಯ ನಾದದಲ್ಲಿ ಬೆಳೆದವನು. ಬಾಯ್ತೆರೆದರೆ ಧ್ವನಿ ಹೊಲದಾಚೆಯ ಹೊಲಕ್ಕೆ ಕೇಳಬೇಕು, ಹಾಗೆ ಹಾಡುತ್ತಿದ್ದ. ನಾನು ‘ಮೆಲ್ಲಗೆ, ಮೆಲ್ಲಗೆ’ ಎನ್ನುತ್ತಿದ್ದೆ. ಅವನು ‘ಹೂಂನ್ರಿ ಫಾದರ್’ ಎನ್ನುತ್ತಿದ್ದ. ಮರುಕ್ಷಣ ಮತ್ತೆ ಅದೇ ಧ್ವನಿ.

ಧ್ವನಿಯ ಗಾತ್ರವನ್ನಾದರೂ ಸಹಿಸಬಹುದಿತ್ತು. ಆದರೆ ಅವನ ಗಾಂಧಾರ ಪ್ರತಿ ಬಾರಿಯೂ ಕೂದಲೆಳೆಯಷ್ಟು ಕೆಳಗೆ ನಿಲ್ಲುತ್ತಿತ್ತು. ಪೇಟಿಯಲ್ಲಿ ಗಾಂಧಾರ ಒತ್ತಿ ಹಿಡಿದು, ‘ಇಲ್ಲಿಗೆ ಬಾ, ಇಲ್ಲಿಗೆ’ ಎಂದು ಹತ್ತಾರು ಬಾರಿ ಕರೆದೆ. ಬರುತ್ತಿದ್ದ; ಪೇಟಿ ಬಿಟ್ಟೊಡನೆ ಮತ್ತೆ ತನ್ನ ಜಾಗಕ್ಕೆ ಇಳಿಯುತ್ತಿದ್ದ. ಅವನ ನಿಷಾದವೂ ಹಾಗೆಯೇ ಅಲ್ಲಿಗೂ ಇಲ್ಲಿಗೂ ಜಾರುತ್ತಿತ್ತು.

2017ರ ವಿಶ್ವವಿದ್ಯಾಲಯದ ಯುವಜನೋತ್ಸವ ಹತ್ತಿರವಾಯಿತು. ಸಮೂಹ ಗೀತೆಗೆ ಆರು ಗಾಯಕರು, ಮೂವರು ಪಕ್ಕವಾದ್ಯದವರು, ಹತ್ತು ನಿಮಿಷ, ಇದು ನಿಯಮ. ಹೆಸರುಗಳನ್ನು ಮೊದಲೇ ಕಳುಹಿಸಿ ಆಗಿತ್ತು. ಹುಡುಗ ಆರನೆಯವನು. ಹಿಂದಿನ ರಾತ್ರಿಯ ಅಭ್ಯಾಸದಲ್ಲಿ ಆರೂ ಜನ ಒಂದಾಗಿ ಗಾಂಧಾರದ ಮೇಲೆ ನಿಲ್ಲುವ ಜಾಗ ಬಂದಾಗಲೆಲ್ಲ ನನ್ನ ಕಿವಿಗೆ ಮುಳ್ಳು ಚುಚ್ಚಿದಂತಾಗುತ್ತಿತ್ತು. ಎಲ್ಲರೂ ಊಟಕ್ಕೆ ಎದ್ದ ಮೇಲೆ ಅವನನ್ನು ಪಕ್ಕಕ್ಕೆ ಕರೆದೆ.

‘ನಾಳೆ ನೀನು ಬಾಯಿ ಮಾತ್ರ ಆಡಿಸು. ಧ್ವನಿ ಹೊರಡಿಸಬೇಡ’ ಎಂದೆ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಆಗಲ್ರಿ’ ಎಂದ.

ಓದುಗರೇ, ಇದೇ ಮಾತನ್ನು ನನಗೂ ಒಮ್ಮೆ ಹೇಳಲಾಗಿತ್ತು. ಗುರುಮಠದಲ್ಲಿ ನಾನು ಹತ್ತೊಂಬತ್ತರವನಾಗಿದ್ದಾಗ, ನಮ್ಮ ಹಿರಿಯರ ಗುರುದೀಕ್ಷೆಯ ಹಿಂದಿನ ದಿನ, ಗಾನವೃಂದದ ಹೊಣೆ ಹೊತ್ತವರು ನನ್ನನ್ನು ಕಂಬದ ಮರೆಗೆ ಕರೆದು, ‘ನೀನು ತುಟಿ ಆಡಿಸಿದರೆ ಸಾಕು’ ಎಂದಿದ್ದರು. ಮರುದಿನ ಆ ದೊಡ್ಡ ಪೂಜೆಯಲ್ಲಿ ಎರಡು ತಾಸು ತುಟಿ ಆಡಿಸಿದೆ. ಸುತ್ತಲೂ ದೇವಸ್ತುತಿ ಮೊಳಗುತ್ತಿದ್ದರೆ ನನ್ನೊಳಗೆ ಮಾತ್ರ ಕೀಲಿ ಹಾಕಿದ ಕೋಣೆ. ಪೇಟಿ ಕಲಿಯಲು ಕುಳಿತದ್ದೇ ಆ ಅವಮಾನದಿಂದ. ನುಡಿಸುವವನಿಗೆ ಹಾಡಬೇಡ ಎಂದು ಯಾರೂ ಹೇಳುವುದಿಲ್ಲವಲ್ಲ! ಹೀಗಿದ್ದೂ ಅಂದು ರಾತ್ರಿ ಆ ಮಾತು ನನ್ನ ಬಾಯಿಂದ ಎಷ್ಟು ಸರಾಗವಾಗಿ ಬಂತೆಂದರೆ, ಅದು ಎಲ್ಲಿಂದ ಬಂತೆಂಬುದು ಹೊಳೆದದ್ದು ಬಹುಮಾನ ವಿತರಣೆಯ ನಂತರ, ಹಿಂತಿರುಗುವ ಬಸ್ಸಿನಲ್ಲಿ. ನಮಗೆ ಎರಡನೆಯ ಸ್ಥಾನ ಬಂದಿತ್ತು. ಹುಡುಗರು ಕುಣಿಯುತ್ತಿದ್ದರು. ಅವನು ಹಿಂದಿನ ಸೀಟಿನಲ್ಲಿ ತಬಲಾದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಕಿಟಕಿಯ ಹೊರಗೆ ನೋಡುತ್ತ ಕುಳಿತಿದ್ದ.

ಆ ಮೇಲೆಯೂ ಬಳಗಕ್ಕೆ ತಪ್ಪದೆ ಬರುತ್ತಿದ್ದ. ತಾನಪುರ ಶ್ರುತಿ ಮಾಡುತ್ತಿದ್ದ, ಚಾಪೆ ಹಾಸುತ್ತಿದ್ದ, ಪೇಟಿ ಹೊರುತ್ತಿದ್ದ. ಹಾಡು ಎಂದರೆ, ‘ಇರಲಿ ಬಿಡ್ರಿ ಫಾದರ್, ನಾ ತಂಬೂರಿ ಹಿಡಕೊಂಡು ಕೂಡ್ತೀನಿ’ ಎನ್ನುತ್ತಿದ್ದ. ನಾನು ಒತ್ತಾಯಿಸಲಿಲ್ಲ. ಒತ್ತಾಯಿಸಿದ್ದರೆ ಕ್ಷಮೆ ಕೇಳಬೇಕಾಗುತ್ತಿತ್ತು.

ಅದೇ ವರ್ಷದ ಡಿಸೆಂಬರಿನಲ್ಲಿ ಅವನ ಅಜ್ಜ ತೀರಿಕೊಂಡ. ಬಳಗದ ಎಂಟು ಜನರೊಡನೆ ಟಂಟಂ ಗಾಡಿಯಲ್ಲಿ ಊರಿಗೆ ಹೋದೆವು. ನಮ್ಮ ಕಡೆ ಸಾವಿನ ಮನೆಯಲ್ಲಿ ಇಡೀ ರಾತ್ರಿ ಭಜನೆ ನಡೆಯುವುದನ್ನು ನೀವು ಬಲ್ಲಿರಿ. ಅಜ್ಜನನ್ನು ಗೋಡೆಗೊರಗಿಸಿ ಕೂಡಿಸಿದ್ದರು, ಕೊರಳಲ್ಲಿ ಚೆಂಡುಹೂವಿನ ಮಾಲೆ. ಮೇಳದವರು ಎದುರು ಕುಳಿತಿದ್ದರು. ಪೇಟಿ ಇರಲಿಲ್ಲ, ಅದರ ತಿದಿ ಹರಿದು ರಿಪೇರಿಗೆ ಹೋಗಿತ್ತಂತೆ. ಏಕತಾರಿ, ದಮ್ಮಡಿ, ತಾಳ, ಇಷ್ಟೇ. ನಡುರಾತ್ರಿಯ ಹೊತ್ತಿಗೆ ಹಿರಿಯನೊಬ್ಬ ಹುಡುಗನ ಬೆನ್ನಿಗೆ ಕೈಯಿಟ್ಟು, ‘ಮುತ್ಯಾನ ಪದ ನೀನs ಎತ್ತಪಾ’ ಎಂದ. ಎತ್ತಿದ. ಮೇಳ ಹಿಂದೆ ಬಂತು. ನನ್ನ ಬಳಗದ ಹುಡುಗರು ದನಿಗೂಡಿಸಲು ಹೋಗಿ ಎರಡನೆಯ ನುಡಿಗೇ ಸೋತರು. ಅವನ ಶ್ರುತಿ ಕರಿ ಐದರಷ್ಟು ಎತ್ತರ.

ಗಾಂಧಾರದ ಮೇಲೆ ಅವನು ನಿಂತಾಗ ನಾನು ಅಭ್ಯಾಸಬಲದಿಂದ ಮುಳ್ಳಿಗಾಗಿ ಕಾದೆ. ಮುಳ್ಳು ಇರಲಿಲ್ಲ. ಏಕತಾರಿಯ ನಾದದೊಳಗೆ ಆ ಸ್ವರ ಹಾಲಿಗೆ ಸಕ್ಕರೆ ಬಿದ್ದಂತೆ ಕರಗಿತು. ನನ್ನ ಪಕ್ಕದಲ್ಲಿ ಇಳಕಲ್ಲಿನ ಹುಡುಗಿಯೊಬ್ಬಳು ಕುಳಿತಿದ್ದಳು. ಎಂಟು ವರ್ಷ ಗುರುಗಳ ಬಳಿ ಹಿಂದೂಸ್ತಾನಿ ಕಲಿತು ಬಂದವಳು. ಅವಳು ನನ್ನ ಕಡೆ ಬಾಗಿ ಪಿಸುಗುಟ್ಟಿದಳು: ‘ಫಾದರ್, ಇಂವಂದು ಬರೋಬ್ಬರಿ ಐತ್ರಿ. ಪೇಟೀದs ತಪ್ಪೈತಿ.’

ಮನೆಗೆ ಬಂದ ಮೇಲೆ ಪುಸ್ತಕ ಹಿಡಿದು ಕುಳಿತೆ. ಗುರುಮಠದಲ್ಲಿ ದೇವಶಾಸ್ತ್ರಕ್ಕೆ ಕೊಟ್ಟ ಶ್ರದ್ಧೆಯನ್ನು ನಾದಶಾಸ್ತ್ರಕ್ಕೆ ಕೊಟ್ಟವನಲ್ಲ ನಾನು. ಲೆಕ್ಕ ಸರಳವಾಗಿದೆ. ಷಡ್ಜವು ಸೆಕೆಂಡಿಗೆ 240 ಸಲ ಕಂಪಿಸಿದರೆ ಅದರೊಡನೆ ಸಹಜವಾಗಿ ಬೆರೆಯುವ ಶುದ್ಧ ಗಾಂಧಾರ 300 ಸಲ ಕಂಪಿಸಬೇಕು. ನಾಲ್ಕಕ್ಕೆ ಐದರ ಪ್ರಮಾಣ. ಪೇಟಿಯಲ್ಲಿ ಯಾವ ಮನೆಯಿಂದಲಾದರೂ ಹಾಡು ಎತ್ತಲು ಬರಲೆಂದು ಸಪ್ತಕವನ್ನು ಹನ್ನೆರಡು ಸಮಭಾಗ ಮಾಡಿರುತ್ತಾರೆ. ಆ ಹಂಚಿಕೆಯಲ್ಲಿ ಗಾಂಧಾರ 302ಕ್ಕಿಂತ ತುಸು ಮೇಲಕ್ಕೆ ಏರಿ ಕೂರುತ್ತದೆ. ಒಳ್ಳೆಯ ತಾನಪುರವನ್ನು ಸರಿಯಾಗಿ ಶ್ರುತಿ ಮಾಡಿದರೆ, ಯಾರೂ ಮೀಟದೆಯೇ ಖರ್ಜದ ತಂತಿಯಿಂದ ಒಂದು ಗಾಂಧಾರ ಕೇಳುತ್ತದೆ. ಸಂಗೀತಗಾರರು ಅದನ್ನು ಸ್ವಯಂಭೂ ಗಾಂಧಾರ ಎನ್ನುತ್ತಾರೆ. ಹುಡುಗ ಹಾಡುತ್ತಿದ್ದದ್ದು ಅದನ್ನು.

ಫ್ರಾನ್ಸಿನಲ್ಲಿ 1840ರ ದಶಕದಲ್ಲಿ ರೂಪುಗೊಂಡ ಈ ವಾದ್ಯವನ್ನು ನಮ್ಮ ದೇಶದಲ್ಲಿ ಹರಡಿದವರಲ್ಲಿ ಮಿಷನರಿಗಳೂ ಸೇರಿದ್ದರು. ಅಂದರೆ ನಮ್ಮವರೇ. ಇದರ ಸ್ವರಗಳು ನಮ್ಮ ಸಂಗೀತಕ್ಕೆ ಒಗ್ಗುವುದಿಲ್ಲ, ಗಮಕ, ಮೀಂಡ್ ನುಡಿಯಲಾರವು ಎಂಬ ವಾದ ಬೆಳೆದು, ಆಕಾಶವಾಣಿ 1940ರಲ್ಲಿ ಹಾರ್ಮೋನಿಯಮ್ಮನ್ನು ಬಹಿಷ್ಕರಿಸಿತು. ಆ ನಿಷೇಧ ಸಡಿಲವಾಗಲು 1971 ಬರಬೇಕಾಯಿತು. ನನಗೆ ಆ ಬಹಿಷ್ಕಾರ ಅತಿಯೆನಿಸುತ್ತದೆ. ಪೇಟಿಯಿಲ್ಲದಿದ್ದರೆ ನಮ್ಮ ಹಳ್ಳಿಗಳ ಭಜನೆ, ಸಣ್ಣಾಟ, ಕಂಪನಿ ನಾಟಕಗಳು ಇಷ್ಟು ದೂರ ಬರುತ್ತಿರಲಿಲ್ಲ. ಕೇವಲ ಎರಡು ಕಂಪನಗಳ ಅಂತರ. ಎಷ್ಟೋ ಕಿವಿಗಳಿಗೆ ಅದು ತಿಳಿಯುವುದೂ ಇಲ್ಲ. ಆದರೆ ಆ ಎರಡು ಕಂಪನಗಳನ್ನು ಅಳತೆಗೋಲಾಗಿಸಿಕೊಂಡು ನಾನು ಒಬ್ಬನ ಬಾಯಿ ಕಟ್ಟಿದ್ದೆ.

ಮುಂದಿನ ಜೂನಿನಿಂದ ಅಭ್ಯಾಸವನ್ನು ತಾನಪುರದೊಂದಿಗೆ ಆರಂಭಿಸಿದೆ. ಮೊದಲ ಹತ್ತು ನಿಮಿಷ ಪೇಟಿಯ ಮುಚ್ಚಳ ತೆಗೆಯುವಂತಿಲ್ಲ. ಇಳಕಲ್ಲಿನ ಹುಡುಗಿಯೇ ಸ್ವರ ಹೇಳಿಕೊಡುತ್ತಿದ್ದಳು, ನಾನು ಹಿಂದೆ ಕುಳಿತು ಕಲಿಯುತ್ತಿದ್ದೆ. ಆರು ಜನರ ಆಯ್ಕೆಯನ್ನೂ ಹುಡುಗರಿಗೇ ಬಿಟ್ಟೆ. ಎರಡು ವರ್ಷ ಬಹುಮಾನ ಬರಲಿಲ್ಲ. ಕಾಲೇಜಿನಿಂದ ಒಂದೆರಡು ಮಾತು ಕೇಳಬೇಕಾಯಿತು, ಕೇಳಿದೆ. ಆ ಹುಡುಗ ಮಾತ್ರ ನಮ್ಮ ಬಳಗದಲ್ಲಿ ಮತ್ತೆ ಹಾಡಲಿಲ್ಲ. 2019ರಲ್ಲಿ ಪದವಿ ಮುಗಿಸಿ ಹೊರಟ. ಅದೇ ವರ್ಷ ನನಗೂ ವರ್ಗವಾಯಿತು. ಬೀಳ್ಕೊಡುವಾಗ ಕೈಮುಗಿದ, ನಾನು ತಲೆಯ ಮೇಲೆ ಕೈಯಿಟ್ಟು ಆಶೀರ್ವದಿಸಿದೆ. ಹೇಳಬೇಕಾದ ಮಾತು ಆಗಲೂ ಗಂಟಲಲ್ಲಿಯೇ ಉಳಿಯಿತು. ಪರರ ಪಾಪನಿವೇದನೆಗಳನ್ನು ವರ್ಷಗಟ್ಟಲೆ ಆಲಿಸಿದವನ ಪಾಡು ಇದು.

2023ರಲ್ಲಿ ಅವನ ಮದುವೆಯ ಕರೆಯೋಲೆ ಬಂತು. ಹೋದೆ. ಊಟದ ಪಂಕ್ತಿ ಮುಗಿದು, ಗದ್ದಲ ಕಡಿಮೆಯಾದ ಮೇಲೆ ಅವನು ನೆಂಟರನ್ನು ಬಿಟ್ಟು ನನ್ನ ಬಳಿ ಬಂದು ಕುಳಿತ. ಅಂದು ಹೇಳಿದೆ: ಯುವಜನೋತ್ಸವದ ಹಿಂದಿನ ರಾತ್ರಿ ನಾನು ಹೇಳಿದ್ದು ತಪ್ಪು, ನಿನ್ನ ಗಾಂಧಾರ ಸರಿಯಾಗಿಯೇ ಇತ್ತು, ನನ್ನ ಪೇಟಿಯದು ಹೆಚ್ಚಾಗಿತ್ತು, ನನ್ನನ್ನು ಕ್ಷಮಿಸು ಎಂದು.

ಅವನು ಬಹಳ ಹೊತ್ತು ಬಾಸಿಂಗದ ದಾರವನ್ನು ಬೆರಳಿಗೆ ಸುತ್ತುತ್ತ ಕುಳಿತ. ‘ಅವತ್ತ ಭಾಳ ಕೆಟ್ಟ ಅನಿಸಿತ್ರಿ ಫಾದರ್’ ಎಂದ. ಮತ್ತೆ ಸ್ವಲ್ಪ ತಡೆದು ನಕ್ಕ. ‘ಗಾಂಧಾರ ಸರಿ ಐತಂತ ಮುತ್ಯಾನೂ ಹೇಳತಿದ್ದ. ಆದ್ರ ನಿಷಾದ ನಂದು ಖರೇನs ತಪ್ಪಿತ್ರಿ. ಮುತ್ಯಾಂದೂ ತಪ್ಪs ಇತ್ತು.’