ಎರಡೂವರೆ ಗಂಟೆಯಲ್ಲಿ ಅಮೆರಿಕ!

ಬೆಂಗಳೂರು ಬಿಡುವುದು ಸೋಮವಾರ ಮಧ್ಯಾಹ್ನ 2ಕ್ಕೆ. ಸ್ಯಾನ್ ಫ್ರಾನ್ಸಿಸ್ಕೋ ಸೇರುವುದು ಅದೇ ಸೋಮವಾರ ಸಂಜೆ 4.30ಕ್ಕೆ. ಟಿಕೆಟ್ ನೋಡಿ ನಮ್ಮಾಕೆ, "ಎರಡೂವರೆ ಗಂಟೆ ತಾನೆ? ಮೈಸೂರಿಗೂ ಅಷ್ಟು ಹೊತ್ತು ಹಿಡಿಯುತ್ತದಲ್ಲ!" ಎಂದಳು. ತಮಾಷೆ ಮಾಡುವಷ್ಟು ಧೈರ್ಯ ಬಂತಲ್ಲ ಎಂದು ನನಗೆ ಸಮಾಧಾನ. ಅಲ್ಲಿ ಮಗಳಿಗೆ ದಿನ ತುಂಬುತ್ತಿತ್ತು. ಇಲ್ಲಿ ಇವಳಿಗೆ ಮಂಡಿನೋವು, ಜೊತೆಗೆ ಸಕ್ಕರೆ ಕಾಯಿಲೆ.

ಮಕ್ಕಳೇ, ಈಗ ಲೆಕ್ಕಕ್ಕೆ ಬನ್ನಿ. ಭೂಮಿ ಒಂದು ಗಂಟೆಗೆ 15 ಡಿಗ್ರಿ ತಿರುಗುತ್ತದೆ. ನಮ್ಮ ಗಡಿಯಾರ ನಡೆಯುವುದು ಪೂರ್ವದ 82½ ಡಿಗ್ರಿ ರೇಖಾಂಶದ ಮೇಲೆ, ಅವರದು ಪಶ್ಚಿಮದ 120ರ ಮೇಲೆ. ಕೂಡಿದರೆ 202½. ಅದನ್ನು 15ರಿಂದ ಭಾಗಿಸಿ. ಹದಿಮೂರೂವರೆ ಗಂಟೆ! ಅವರು ನಮಗಿಂತ ಅಷ್ಟು ಹಿಂದೆ. (ಬೇಸಿಗೆಯಲ್ಲಿ ಅವರು ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ, ಆಗ ಹನ್ನೆರಡೂವರೆ.) ಎರಡೂವರೆಗೆ ಹದಿಮೂರೂವರೆ ಸೇರಿಸಿದರೆ ನಿಜವಾದ ಪ್ರಯಾಣ 16 ಗಂಟೆ.

ದೂರ ಸುಮಾರು 14,000 ಕಿಲೋಮೀಟರ್. ಗೋಡೆಯ ಭೂಪಟ ನೋಡಿದರೆ ಆಫ್ರಿಕಾ, ಅಟ್ಲಾಂಟಿಕ್ ದಾಟಿ ಹೋಗಬೇಕು ಅನ್ನಿಸುತ್ತದೆ. ಶಾಲೆಯಲ್ಲಿ ಗ್ಲೋಬ್ ಇದ್ದರೆ ಎರಡೂ ಊರಿನ ನಡುವೆ ಒಂದು ದಾರ ಬಿಗಿಯಾಗಿ ಹಿಡಿಯಿರಿ. ಅದು ತಾನಾಗಿ ಉತ್ತರಕ್ಕೆ ಜಾರಿ ಸೈಬೀರಿಯಾದ ತುದಿ, ಅಲಾಸ್ಕಾ ಹಾದು ಇಳಿಯುತ್ತದೆ. ಆದರೆ ವಿಮಾನ ದಾರದ ಮೇಲೇ ಹೋಗುವುದಿಲ್ಲ. ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಬಿರುಸಾದ ಗಾಳಿ ಬೀಸುತ್ತದೆ. ಹೋಗುವಾಗ ಅದನ್ನು ಬೆನ್ನಿಗೆ ಹಾಕಿಕೊಳ್ಳುತ್ತಾರೆ, ಬರುವಾಗ ಆದಷ್ಟು ತಪ್ಪಿಸುತ್ತಾರೆ. 2021ರ ಜನವರಿ 9, ಶನಿವಾರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋ ಬಿಟ್ಟ ಏರ್ ಇಂಡಿಯಾದ ಮೊದಲ ನೇರ ವಿಮಾನ ಉತ್ತರ ಧ್ರುವದ ಮೇಲೆ ಹಾರಿ, ಸೋಮವಾರ ಬೆಳಗಿನ ಜಾವ ಬೆಂಗಳೂರಿಗೆ ಇಳಿಯಿತು. ನಡೆಸಿದವರು ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಸಂಗಡಿಗರು, ಎಲ್ಲರೂ ಹೆಣ್ಣುಮಕ್ಕಳು. ಆ ಪ್ರಯಾಣಿಕರ ಭಾನುವಾರ ಎಲ್ಲಿ ಹೋಯಿತು? ನೀವೇ ಹುಡುಕಿ.

ನಮ್ಮ ಚಿಂತೆ ಬೇರೆ. ಮಾತ್ರೆಗೆ ಅಮೆರಿಕದ ಗಡಿಯಾರ ಗೊತ್ತಿಲ್ಲ! ಡಾಕ್ಟರರಿಂದ ಹೊತ್ತು ಬರೆಸಿಕೊಂಡು, ನನ್ನ ವಾಚನ್ನು ಭಾರತದ ಸಮಯಕ್ಕೇ ಬಿಟ್ಟೆ. ಗಂಟೆಗೊಮ್ಮೆ ಇವಳನ್ನು ಎಬ್ಬಿಸಿ ಸೀಟುಗಳ ನಡುವೆ ನಡೆಸಿದೆ. "ಮದುವೆಯಲ್ಲಿ ಏಳೇ ಹೆಜ್ಜೆ, ಇಲ್ಲಿ ಏಳುನೂರು" ಎಂದು ಗೊಣಗಿದಳು. ಆದರೂ ಕಾಲು ಊದಿಕೊಳ್ಳದೆ ಇಳಿದಳು.

ಮೂರು ದಿನ ಕಳೆದು, ಗುರುವಾರ ರಾತ್ರಿ 8ಕ್ಕೆ ಮೊಮ್ಮಗಳು ಹುಟ್ಟಿದಳು. ಹಾಸನದಲ್ಲಿರುವ ಇವಳ ಅಕ್ಕನಿಗೆ ಫೋನ್ ಮಾಡಿದಾಗ ಅಲ್ಲಿ ಶುಕ್ರವಾರ ಬೆಳಿಗ್ಗೆ 10. "ಶುಕ್ರವಾರ ಲಕ್ಷ್ಮಿ ಬಂದಳು!" ಎಂದು ಅವರಿಗೆ ಸಂಭ್ರಮ. ನಕ್ಷತ್ರಕ್ಕೆ ತೊಂದರೆಯಿಲ್ಲ, ಆ ಕ್ಷಣಕ್ಕೆ ಚಂದ್ರ ಎಲ್ಲಿಂದ ನೋಡಿದರೂ ಅದೇ ನಕ್ಷತ್ರದಲ್ಲಿರುತ್ತಾನೆ. ವಾರ ಮಾತ್ರ ಆಯಾ ಊರಿನದು. ಅಕ್ಕನಿಗೆ ಇದನ್ನೆಲ್ಲ ವಿವರಿಸಿದೆ. ಕೇಳಿಸಿಕೊಂಡರು. ಶುಕ್ರವಾರ ಎಂದೇ ಬರೆದಿಟ್ಟುಕೊಂಡಿದ್ದಾರೆ.