ಕಿಸೆ ಮುಟ್ಟಿ ನೋಡ್ಕೊಳ್ರಿ

ಗೋವಿನಜೋಳದ ರಾಶಿ ಕಾಯಲು ಕಣದಲ್ಲಿ ಬೆಂಕಿ ಹಾಕಿಕೊಂಡು ಕೂತ ರಾತ್ರಿಗಳಲ್ಲಿ ನಮ್ಮ ಆಡೂರಿನ ಹುಡುಗರು ನನ್ನ ಬಾಯಿಂದ ಮತ್ತೆ ಮತ್ತೆ ಹೇಳಿಸುವುದು ಒಂದೇ ಸಂಗತಿ. "ಕಾಕಾ, ಅವತ್ತ ಸೆಂಟರಿಗೆ ಮೇಲ್ ಬಂದದ್ದು ಹೇಳ್ರಿ" ಅಂತಾರೆ. ಅವರಿಗೆ ಅದರಲ್ಲಿ ಕಳ್ಳನ ಕಥೆಯ ರುಚಿ ಇದೆ. ನನಗೆ ಅವತ್ತು ಬೆಂಚಿನ ಮೇಲೆ ಕೂತಿದ್ದ ಜನರ ಮುಖ ನೆನಪಾಗುತ್ತದೆ. ಇಂಥದ್ದು ಯಾವ ಊರಿನ ಅಂಗಡಿಗೂ ಬರಬಹುದು ಎಂಬ ಕಾರಣಕ್ಕೆ ಇಲ್ಲಿ ಬರೆದಿಡುತ್ತಿದ್ದೇನೆ.

2023ರ ಜುಲೈ ಕೊನೆಯ ವಾರ. ಆ ವರ್ಷದ ಜೂನ್ ಒಣಗಿಯೇ ಕಳೆದಿತ್ತು. ಬಿತ್ತಿದವರು ಮುಗಿಲು ನೋಡುತ್ತ, ಬಿತ್ತದವರು ಬೀಜದ ಚೀಲ ನೋಡುತ್ತ ಕೂತಿದ್ದರು. ಜುಲೈ ಅರ್ಧ ಕಳೆದ ಮೇಲೆ ಮಳೆ ಹಿಡಿಯಿತು. ಹಿಡಿದದ್ದೇ ತಡ, ಬಿತ್ತನೆಯ ಜೊತೆಗೆ ಬೆಳೆ ವಿಮೆಯ ಗಡಿಬಿಡಿಯೂ ಶುರುವಾಯಿತು. ಮುಂಗಾರಿಗೆ ಕಂತು ಕಟ್ಟಲು ಜುಲೈ 31 ಕೊನೆ. ಫಸಲ್ ಬಿಮಾದಲ್ಲಿ ಮುಂಗಾರಿನ ಕಾಳುಕಡಿಗೆ ರೈತ ಕಟ್ಟುವುದು ವಿಮೆ ಮೊತ್ತದ ಶೇ 2 ಮಾತ್ರ, ಉಳಿದದ್ದು ಸರ್ಕಾರಗಳದ್ದು. ಎರಡು ಎಕರೆ ಗೋವಿನಜೋಳ ಹಾಕಿದವನಿಗೆ ಅದೇ ಆಸರೆ.

ನಮ್ಮ ಕಾಕಾನ ಮಗ ಬಸ್‌ಸ್ಟ್ಯಾಂಡಿನ ಹತ್ತಿರ ಆನ್‌ಲೈನ್ ಸೆಂಟರ್ ನಡೆಸುತ್ತಾನೆ. ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ಲ್ಯಾಮಿನೇಷನ್ ಮಷಿನ್, ಕರೆಂಟ್ ಹೋದಾಗ ಕಿರ್ ಎನ್ನುವ ಯುಪಿಎಸ್. ಪಹಣಿ ತೆಗೆಸುವವರು, ಆಧಾರಿಗೆ ಫೋನ್ ನಂಬರ್ ಜೋಡಿಸುವವರು, ಮಕ್ಕಳ ಸ್ಕಾಲರ್‌ಶಿಪ್ಪಿಗೆ ಅರ್ಜಿ ಹಾಕುವವರು ಎಲ್ಲರೂ ಬರುವುದು ಅಲ್ಲಿಗೇ. ಅಂಗಡಿಯ ಮೇಲ್ ವಿಳಾಸವನ್ನು ಶಟರಿನ ಮೇಲೆ ಬಣ್ಣದಲ್ಲಿ ಬರೆಸಿದ್ದ. ಬೆಂಗಳೂರಿಗೋ ಗೋವಾಕ್ಕೋ ದುಡಿಯಲು ಹೋದ ಮಕ್ಕಳು ಅಪ್ಪನ ಪಾಸ್‌ಬುಕ್ಕು, ಅಣ್ಣತಮ್ಮಂದಿರ ಒಪ್ಪಿಗೆ ಪತ್ರ ಎಲ್ಲವನ್ನೂ ಸ್ಕ್ಯಾನ್ ಮಾಡಿ ಆ ವಿಳಾಸಕ್ಕೇ ಕಳಿಸುತ್ತಾರೆ. ಇವನು ಪ್ರಿಂಟ್ ತೆಗೆದು ಕೊಡುತ್ತಾನೆ. ಊರವರಿಗೆ ಬೇಕಾದ ಸ್ಪ್ರೇ ಪಂಪು, ತಾಡಪತ್ರಿಗಳನ್ನೂ ಇವನೇ ಆನ್‌ಲೈನಿನಲ್ಲಿ ತರಿಸಿಕೊಡುವುದು. ಅದಕ್ಕಾಗಿ ಜನ ಮುಂಗಡ ಕೊಟ್ಟ ಹಣ ಒಂದು ಶಾಪಿಂಗ್ ಆ್ಯಪಿನ ವ್ಯಾಲೆಟ್ಟಿನಲ್ಲಿ ಇರುತ್ತಿತ್ತು.

ನಾನು ಹುಬ್ಬಳ್ಳಿಯಲ್ಲಿ ಕಂಪನಿಯೊಂದರ ಮೇಲ್ ಸರ್ವರ್ ನೋಡಿಕೊಳ್ಳುವವನು. ಬಿತ್ತನೆಗೆ ಅಂತ ಊರಿಗೆ ಬಂದಿದ್ದೆ. ಮಧ್ಯಾಹ್ನ ಊಟಕ್ಕೆ ಕೂತಾಗ ಫೋನ್ ಬಂತು. "ಅಣ್ಣಾ, ಲಗೂನ ಬಾ. ಮೇಲ್ ನಿಂದ್ರವಲ್ದು."

ಹೋಗಿ ನೋಡಿದೆ. ಪರದೆ ಮೇಲಿನ ಪಟ್ಟಿ ನಿಲ್ಲದೆ ಕೆಳಗೆ ಸರಿಯುತ್ತಿತ್ತು. ಒಂದು ಸಾಲು ಓದುವಷ್ಟರಲ್ಲಿ ಅದು ಮೂರನೇ ಪುಟಕ್ಕೆ ಹೋಗಿರುತ್ತಿತ್ತು. ಜರ್ಮನಿಯ ಹೂವಿನ ಅಂಗಡಿ, ಬ್ರೆಜಿಲಿನ ಜಿಮ್ಮು, ಪೋಲೆಂಡಿನಲ್ಲಿ ನಾಯಿ ಆಹಾರ ಮಾರುವವರು, ಯಾವುದೋ ಚರ್ಚಿನ ವಾರಪತ್ರಿಕೆ, ಜಪಾನಿ ಅಕ್ಷರದ ಇನ್ನೇನೋ. ಪಕ್ಕದಲ್ಲಿದ್ದ ಫೋನು ಮೇಜಿನ ಮೇಲೆ ಗುಂಯ್ ಎನ್ನುತ್ತ ತಾನೇ ಸರಿದು ಅಂಚಿಗೆ ಬಂದಿತ್ತು. ತಮ್ಮ ಒಂದೊಂದೇ ಮೇಲ್ ಗುರುತು ಹಾಕಿ ಅಳಿಸುತ್ತಿದ್ದ. ಹತ್ತು ಅಳಿಸಿದರೆ ನಲವತ್ತು ಬರುತ್ತಿದ್ದವು. ಹುಡುಗನ ಕೈ ನಡುಗುತ್ತಿತ್ತು.

ಬೆಂಚಿನ ಮೇಲಿದ್ದವರೂ ಎದ್ದು ಬಂದು ಕಂಪ್ಯೂಟರ್ ಸುತ್ತ ನಿಂತರು. ಪ್ಲಾಸ್ಟಿಕ್ ಚೀಲದಲ್ಲಿ ಪಹಣಿ ಸುತ್ತಿಟ್ಟುಕೊಂಡಿದ್ದ ಮೇಲೋಣಿಯ ಅಜ್ಜಾರು ಕೇಳಿದರು: "ತಮ್ಮಾ, ನನ್ನ ವಿಮಾ ರಸೀದಿ ಇದರಾಗ ಕೊಚ್ಚಿ ಹೋಕ್ಕೈತೇನಪಾ?"

"ಇಲ್ರಿ ಅಜ್ಜಾರ, ರಸೀದಿ ಸರ್ಕಾರದ ಪೋರ್ಟಲ್‌ನಾಗ ಇರ್ತೈತ್ರಿ. ಅದಕ್ಕೇನೂ ಆಗಂಗಿಲ್ಲ" ಎಂದೆ. ಅಜ್ಜಾರು ಸುಮ್ಮನಾಗಲಿಲ್ಲ. ಪರದೆಯನ್ನೇ ನೋಡುತ್ತ ನಿಂತು, "ಜಾತ್ರ್ಯಾಗ ಸುಮಸುಮ್ನ ನೂಕುನುಗ್ಗಲು ಎದ್ರ ಮದ್ಲ ಕಿಸೆ ಮುಟ್ಟಿ ನೋಡ್ಕೊಬೇಕಪಾ. ನೂಕಾವನೊಬ್ಬ, ಕೈ ಹಾಕಾವನೊಬ್ಬ. ನಿಮ್ಮ ಕಿಸೆ ನೋಡ್ಕೊಳ್ರಿ" ಎಂದರು.

ಕಂಪ್ಯೂಟರ್ ಮುಟ್ಟದ ಮನುಷ್ಯ ಅವರು. ಆದರೆ ಮೇಲ್ ಕೆಲಸದಲ್ಲೇ ಇರುವ ನಾವು ಕಲಿತದ್ದೂ ಅದನ್ನೇ. ಸಾಮಾನ್ಯ ಕಸದ ಮೇಲಿನಲ್ಲಿ ಲಾಟರಿ ಇರುತ್ತದೆ, ಸಾಲ ಇರುತ್ತದೆ, ಒತ್ತು ಎನ್ನುವ ಲಿಂಕ್ ಇರುತ್ತದೆ. ಇಲ್ಲಿ ಅಂಥದ್ದೇನೂ ಇರಲಿಲ್ಲ. ನಾಲ್ಕಾರು ತೆಗೆದು ನೋಡಿದೆ. ಎಲ್ಲವೂ ನಿಜವಾದ ಅಂಗಡಿ, ನಿಜವಾದ ಸಂಸ್ಥೆಗಳವು. ನಮ್ಮ ಪತ್ರಿಕೆಗೆ ಹೆಸರು ಕೊಟ್ಟಿದ್ದೀರಿ, ಹೌದಾದರೆ ಖಚಿತಪಡಿಸಿ ಎಂದಷ್ಟೇ ಬರೆದಿತ್ತು. ನಮ್ಮವನು ಯಾವುದಕ್ಕೂ ಹೆಸರು ಕೊಟ್ಟಿರಲಿಲ್ಲ. ಅವನ ವಿಳಾಸವನ್ನು ಒಂದು ಪ್ರೋಗ್ರಾಮಿಗೆ ಕೊಟ್ಟು, ಜಗತ್ತಿನ ಸಾವಿರಾರು ವೆಬ್‌ಸೈಟುಗಳ ಅರ್ಜಿಗಳಲ್ಲಿ ತುಂಬಿಸಿದ್ದರು. ಪ್ರತಿ ಸೈಟೂ ಒಂದೊಂದೇ ಮೇಲ್ ಕಳಿಸಿತ್ತು. ಕಳಿಸಿದವರೆಲ್ಲ ಸಾಚಾ ಇರುವುದರಿಂದ ಸ್ಪ್ಯಾಮ್ ತಡೆಯುವ ಯಂತ್ರಕ್ಕೂ ಇದು ಕಸ ಎಂದು ಗೊತ್ತಾಗುವುದಿಲ್ಲ.

ಬೇಡದ ಮೇಲು ಹೊಸದೇನಲ್ಲ. 1978ರ ಮೇ 3ರಂದು ಡಿಜಿಟಲ್ ಎಕ್ವಿಪ್‌ಮೆಂಟ್ ಕಂಪನಿಯ ಗ್ಯಾರಿ ಥುರ್ಕ್ ಎಂಬಾತ ತನ್ನ ಕಂಪನಿಯ ಕಂಪ್ಯೂಟರುಗಳ ಜಾಹೀರಾತನ್ನು ಇಂಟರ್‌ನೆಟ್ಟಿನ ಮೊದಲ ರೂಪವಾದ ಅರ್ಪಾನೆಟ್ಟಿನ ಸುಮಾರು 400 ಜನಕ್ಕೆ ಒಮ್ಮೆಗೇ ಕಳಿಸಿದ್ದ. ಮೊದಲ ಸ್ಪ್ಯಾಮ್ ಎಂದು ಹೇಳುವುದು ಅದನ್ನೇ. ಅವನಿಗೆ ಬೇಕಿದ್ದದ್ದು ಗಿರಾಕಿ. 2016ರ ಆಗಸ್ಟಿನಲ್ಲಿ ಅಮೆರಿಕದ ಸರ್ಕಾರಿ ವಿಳಾಸಗಳ ಮೇಲೆ, ಸೈಬರ್ ಅಪರಾಧಗಳ ಬಗ್ಗೆ ಬರೆಯುವ ಪತ್ರಕರ್ತ ಬ್ರಯನ್ ಕ್ರೆಬ್ಸ್ ಅವರ ಮೇಲೆ ಸುರಿದದ್ದು ಬೇರೆ ಜಾತಿಯದು. ಅಲ್ಲಿ ಮಾರುವುದೇನೂ ಇರಲಿಲ್ಲ, ಪೆಟ್ಟಿಗೆ ತುಂಬಿ ಕಟ್ಟಿಹಾಕುವುದೇ ಉದ್ದೇಶ. ಕಳ್ಳರು ಇದೇ ಉಪಾಯವನ್ನು ಇನ್ನೊಂದಕ್ಕೆ ಬಳಸುತ್ತಾರೆ. ಹಣ ಹೋದ ಸುದ್ದಿ ಹೇಳುವ ಒಂದು ಮೇಲನ್ನು ಸಾವಿರ ಮೇಲುಗಳ ಕೆಳಗೆ ಹೂಳುವುದು.

"ಅಳಸೂದು ಬಿಡು. ಒಂದೂ ಅಳಸಬ್ಯಾಡ" ಎಂದೆ ತಮ್ಮನಿಗೆ. ಆಡೂರಿನವರಿಗೆ ದಾಖಲೆಯ ಬೆಲೆ ಹೇಳಿಕೊಡಬೇಕಿಲ್ಲ. ಬಾದಾಮಿ ಚಾಲುಕ್ಯರ ಕಾಲದಲ್ಲಿ ಜಿನಾಲಯಕ್ಕೆ ಭೂಮಿ ಬಿಟ್ಟದ್ದನ್ನು ಕಲ್ಲಿನಲ್ಲಿ ಕೆತ್ತಿಟ್ಟ ಊರು ಇದು.

ಪಟ್ಟಿ ನೋಡುತ್ತ ಕೂರದೆ ಹುಡುಕುವ ಪೆಟ್ಟಿಗೆಗೆ ಹೋದೆ. ಪಾಸ್‌ವರ್ಡ್ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ ಹುಡುಕಿದೆ, ಏನೂ ಇಲ್ಲ. ಬ್ಯಾಂಕಿನ ಹೆಸರು ಹಾಕಿದೆ, ಏನೂ ಇಲ್ಲ. ಪೇಮೆಂಟ್ ಎಂದು ಹಾಕಿದಾಗ ಹತ್ತಾರು ಬಂದವು, ಎಲ್ಲ ವಿದೇಶದವು. ಆರ್ಡರ್ ಎಂದು ಹಾಕಿದೆ. ನಡುವೆ ನಮಗೆ ಗುರುತಿದ್ದ ಒಂದು ಹೆಸರು ಕಂಡಿತು, ಆ ಶಾಪಿಂಗ್ ಆ್ಯಪಿನದು. ಗಿಫ್ಟ್ ವೋಚರುಗಳನ್ನು ಕೊಂಡಿದ್ದಕ್ಕೆ ಧನ್ಯವಾದ, ಹಣ ನಿಮ್ಮ ವ್ಯಾಲೆಟ್ಟಿನಿಂದ ಕಡಿತವಾಗಿದೆ ಎಂದಿತ್ತು. ಸಮಯ ನೋಡಿದರೆ ಮೇಲಿನ ಸುರಿಮಳೆ ಶುರುವಾದ ಕೆಲವೇ ನಿಮಿಷದ ನಂತರದ್ದು. ವೋಚರಿನ ಕೋಡ್ ಹೋದದ್ದು ಗುರುತಿಲ್ಲದ ಇನ್ಯಾವುದೋ ವಿಳಾಸಕ್ಕೆ.

ತಮ್ಮನ ಮುಖ ಬಿಳಿಚಿತು. "ಅಣ್ಣಾ, ಅದು ಮಂದಿ ರೊಕ್ಕ" ಎಂದ. ತನ್ನ ಹಣ ಹೋಗಿದ್ದರೆ ಅವನು ಅಷ್ಟು ಕುಗ್ಗುತ್ತಿರಲಿಲ್ಲ. ನಿಂತಿದ್ದವರಲ್ಲಿ ತಾಡಪತ್ರಿಗೆ ಹಣ ಕೊಟ್ಟವರೂ ಇದ್ದರು. ಅವರಲ್ಲಿ ಒಬ್ಬರೂ ಒಂದು ಕಟುಮಾತು ಆಡಲಿಲ್ಲ. "ಮದ್ಲ ಫೋನ್ ಹಚ್ಚಪಾ, ಆಮ್ಯಾಲ ನಮ್ದು ನೋಡೂಣು" ಅಂದರು. ಆ ಮಾತನ್ನು ನಾನು ಮರೆತಿಲ್ಲ.

ಆ್ಯಪಿನ ಸಹಾಯವಾಣಿಗೆ ಹೇಳಿ ಖಾತೆ ಬಂದ್ ಮಾಡಿಸಿದೆವು. 1930ಕ್ಕೆ ಫೋನ್ ಹಚ್ಚಿ ದೂರು ಕೊಟ್ಟೆವು. ಸೈಬರ್ ವಂಚನೆಯಲ್ಲಿ ಹಣ ಹೋದವರಿಗೆಂದೇ ಇರುವ ರಾಷ್ಟ್ರೀಯ ನಂಬರು ಅದು. ಹೋದ ಹಣವನ್ನು ದಾರಿಯಲ್ಲೇ ತಡೆಯುವ ವ್ಯವಸ್ಥೆ ಅದರ ಹಿಂದಿದೆ, ತಡವಾದಷ್ಟೂ ಅದರ ಕೈ ಸೋಲುತ್ತದೆ. ನಂತರ ಮೇಲ್ ಪಾಸ್‌ವರ್ಡ್ ಬದಲಿಸಿ, ಬೇರೆ ಎಲ್ಲ ಕಡೆಯಿಂದ ಲಾಗ್ಔಟ್ ಮಾಡಿ, ಎರಡು ಹಂತದ ಪರಿಶೀಲನೆ ಹಾಕಿದೆ. ಸೆಟ್ಟಿಂಗಿನಲ್ಲಿ ಫಿಲ್ಟರ್ ಮತ್ತು ಫಾರ್ವರ್ಡಿಂಗ್ ತೆರೆದು ನೋಡಿದೆ. ಮೇಲ್ ಒಳಗೆ ಹೊಕ್ಕ ಕಳ್ಳರು ಬ್ಯಾಂಕಿನ ಮೇಲುಗಳು ತಾವಾಗಿಯೇ ಅಳಿಯುವಂತೆ ಅಲ್ಲೊಂದು ನಿಯಮ ಬರೆದಿಟ್ಟು ಹೋಗುವುದುಂಟು. ನಮ್ಮಲ್ಲಿ ಅದು ಇರಲಿಲ್ಲ. ಅವರ ಕೈ ಆ್ಯಪಿನ ಖಾತೆಗಷ್ಟೇ ತಲುಪಿತ್ತು.

ಕಸವನ್ನು ವಿಂಗಡಿಸಿದ್ದು ಇದೆಲ್ಲ ಆದ ಮೇಲೆ. ಪತ್ರಿಕೆ, ಚಂದಾ, ಖಚಿತಪಡಿಸಿ ಎಂಬರ್ಥದ ಪದಗಳು ಇಂಗ್ಲಿಷಿನಲ್ಲಿ, ಜರ್ಮನ್ನಿನಲ್ಲಿ, ಪೋರ್ಚುಗೀಸಿನಲ್ಲಿ ಏನೇನಿವೆ ನೋಡಿ, ಅವು ಇರುವ ಮೇಲುಗಳೆಲ್ಲ ನೇರ ಬೇರೊಂದು ಫೋಲ್ಡರಿಗೆ ಹೋಗುವಂತೆ ಮಾಡಿದೆ. ಯಾವುದರೊಳಗಿನ ಲಿಂಕನ್ನೂ ಒತ್ತಲಿಲ್ಲ. ಖಚಿತಪಡಿಸಿ ಎನ್ನುವ ಮೇಲಿಗೆ ಉತ್ತರ ಕೊಡದಿದ್ದರೆ ಒಳ್ಳೆಯ ಸೈಟುಗಳು ಮತ್ತೆ ಬರೆಯುವುದಿಲ್ಲ. ಹಾಗಾಗಿ ಕೆಲವು ದಿನಗಳಲ್ಲಿ ಅಬ್ಬರ ತಾನಾಗಿಯೇ ಇಳಿಯಿತು. ಹೇಳದೆ ಕೇಳದೆ ಚಂದಾದಾರರನ್ನಾಗಿ ಮಾಡಿಕೊಳ್ಳುವ ಸೈಟುಗಳ ಮೇಲ್ ಮಾತ್ರ ತಿಂಗಳುಗಟ್ಟಲೆ ಬಂತು. ಅರ್ಜಿ ತುಂಬುವವನು ಮನುಷ್ಯನೋ ಯಂತ್ರವೋ ಎಂದು ನೋಡದೆ ಮೇಲ್ ಕಳಿಸುವವರು ಈ ಕಳ್ಳತನದ ಪಾಲುದಾರರೇ ಎಂದು ನಾನು ತಿಳಿದಿದ್ದೇನೆ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಊರವರ ಮೇಲುಗಳು ಒಂದೊಂದಾಗಿ ಮೇಲೆ ಬಂದವು. ಗೋವಾದಲ್ಲಿ ದುಡಿಯುವ ಹುಡುಗನೊಬ್ಬ ಕಳಿಸಿದ್ದ ಪಾಸ್‌ಬುಕ್ಕಿನ ಪುಟ ಎರಡು ಜರ್ಮನ್ ಅಂಗಡಿಗಳ ನಡುವೆ ಸಿಕ್ಕಿಕೊಂಡಿತ್ತು. ಅವನಪ್ಪ ಬೆಳಗಿನಿಂದ ಅದಕ್ಕೇ ಕಾದು ಕೂತಿದ್ದರು. ಪ್ರಿಂಟ್ ಕೈಗಿಟ್ಟಾಗ ಅದನ್ನು ಎರಡು ಸಲ ತಿರುಗಿಸಿ ನೋಡಿ, ಅಂಗಿಯೊಳಗೆ ಇಟ್ಟುಕೊಂಡರು. ಅಂದು ಬೆಂಚಿನ ಮೇಲಿದ್ದ ಎಲ್ಲರ ಕಂತೂ 31ರೊಳಗೆ ಕಟ್ಟಿ ಆಯಿತು. ಆಮೇಲೆ ಆಗಸ್ಟ್ ಪೂರ್ತಿ ಮಳೆ ಕೈಕೊಟ್ಟು, ಆ ವರ್ಷ ರಾಜ್ಯದ 236 ತಾಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಸಾರಬೇಕಾಯಿತು. ಹೀಗಾಗಿ ಆ ರಸೀದಿಯನ್ನು ಯಾರೂ ಬರೀ ಕಾಗದ ಎನ್ನಲಿಲ್ಲ.

ಬಳಸದೆ ಉಳಿದಿದ್ದ ವೋಚರುಗಳು ರದ್ದಾಗಿ ಆ ಹಣ ವಾಪಸ್ ಬಂತು. ಅಷ್ಟರಲ್ಲಿ ಬಳಸಿಬಿಟ್ಟಿದ್ದ ಒಂದರ ಹಣ ಬರಲಿಲ್ಲ. ತಮ್ಮ ಅದನ್ನು ಕೈಯಿಂದ ತುಂಬಿ ಎಲ್ಲರ ತಾಡಪತ್ರಿಯನ್ನೂ ತರಿಸಿಕೊಟ್ಟ.

ಪಟ್ಟಣದ ಆಫೀಸಿನಲ್ಲಿ ಇಂಥದ್ದಕ್ಕೆಂದು ಜನ ಇರುತ್ತಾರೆ. ಹಳ್ಳಿಯ ಸೆಂಟರಿನಲ್ಲಿ ಒಬ್ಬ ಹುಡುಗ, ಅವನ ಮೇಲ್ ಪೆಟ್ಟಿಗೆಯಲ್ಲಿ ಅರ್ಧ ಊರಿನ ಕಾಗದಪತ್ರ. ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಎಲ್ಲೇ ಇಂಥ ಅಂಗಡಿ ನಡೆಸುವವರಿರಲಿ, ಒಂದು ವಿನಂತಿ. ಮೇಲ್ ಒಮ್ಮೆಗೇ ಸುರಿಯತೊಡಗಿದರೆ ಅಳಿಸಲು ಕೂರಬೇಡಿ. ಬ್ಯಾಂಕ್ ಖಾತೆ, ವ್ಯಾಲೆಟ್, ಆರ್ಡರುಗಳನ್ನು ಮೊದಲು ತೆರೆದು ನೋಡಿ. ಹಣ ಹೋಗಿದ್ದರೆ ಆ ಗಳಿಗೆಯಲ್ಲೇ ಬ್ಯಾಂಕಿಗೂ 1930ಕ್ಕೂ ತಿಳಿಸಿ. ಗ್ರಾಹಕನದೂ ಬ್ಯಾಂಕಿನದೂ ತಪ್ಪಿಲ್ಲದೆ ಮೂರನೆಯವರಿಂದ ಖಾತೆಯ ಹಣ ಹೋಗಿದ್ದರೆ, ಬ್ಯಾಂಕಿನ ಸೂಚನೆ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದವರ ಮೇಲೆ ನಷ್ಟದ ಹೊರೆ ಬೀಳಬಾರದು ಎಂದು ರಿಸರ್ವ್ ಬ್ಯಾಂಕ್ 2017ರ ಜುಲೈ 6ರ ಸುತ್ತೋಲೆಯಲ್ಲೇ ಹೇಳಿದೆ.