ಬಿದ್ದವರು ಬರೆದದ್ದು

1938ರ ಕ್ರಿಸ್‌ಮಸ್ ಹಿಂದಿನ ದಿನ ಬ್ಯೂನಸ್ ಐರಿಸ್‌ನಲ್ಲಿ ಲೇಖಕ ಹೋರ್ಹೆ ಲೂಯಿಸ್ ಬೋರ್ಹೆಸ್ ಅವಸರದಿಂದ ಮೆಟ್ಟಿಲೇರುತ್ತಿದ್ದರು. ಕಣ್ಣು ಮೊದಲೇ ಮಂದ. ಆಗಷ್ಟೇ ಬಣ್ಣ ಬಳಿದು ತೆರೆದಿಟ್ಟಿದ್ದ ಕಿಟಕಿಯ ಬಾಗಿಲು ತಲೆಗೆ ತರಚಿತು. ಗಾಯ ನಂಜಾಯಿತು, ಜ್ವರ ಏರಿತು, ಮಾತು ನಿಂತಿತು. ತಿಂಗಳ ಕಾಲ ಬದುಕುತ್ತಾರೋ ಇಲ್ಲವೋ ಎಂಬ ಸ್ಥಿತಿ. ಚೇತರಿಸಿಕೊಂಡ ಮೇಲೆ ಇನ್ನೊಂದು ಭಯ ಹಿಡಿಯಿತು: ಬುದ್ಧಿ ನೆಟ್ಟಗಿದೆಯೇ? ಕವಿತೆಯನ್ನೋ ವಿಮರ್ಶೆಯನ್ನೋ ಬರೆಯಹೋಗಿ ಕೈಲಾಗದಿದ್ದರೆ ಎಲ್ಲ ಮುಗಿದಂತೆ. ಅದಕ್ಕೇ ಅಷ್ಟಾಗಿ ರೂಢಿಯಿಲ್ಲದ ಸಣ್ಣಕತೆಗೆ ಕೈಹಾಕಿದರು. ಸೋತರೂ ಮರ್ಯಾದೆ ಉಳಿಯುತ್ತದೆ. 1939ರಲ್ಲಿ ‘ಪಿಯೆರ್ ಮೆನಾರ್’ ಹೊರಬಂತು.

ಕಿಟಕಿಯ ಋಣ ಅಷ್ಟಕ್ಕೇ ತೀರಲಿಲ್ಲ. 1953ರ ‘ದಕ್ಷಿಣ’ ಕತೆಯ ನಾಯಕನೂ ಬೋರ್ಹೆಸರಂತೆ ನಗರಸಭೆಯ ಗ್ರಂಥಾಲಯದ ನೌಕರ. ಕೈಗೆ ಸಿಕ್ಕಿದ ‘ಅರೇಬಿಯನ್ ನೈಟ್ಸ್’ ಓದುವ ಆತುರದಲ್ಲಿ ಅವನೂ ಮೆಟ್ಟಿಲೇರುತ್ತಾನೆ. ಅದೇ ಕಿಟಕಿ, ಅದೇ ಹೊಸ ಬಣ್ಣ. ಅಷ್ಟು ವರ್ಷವಾದರೂ ಬಣ್ಣ ಒಣಗಿರಲಿಲ್ಲ!

ಈ ಸಾಲುಗಳನ್ನು ಬರೆಯುತ್ತಿರುವವನ ಎಡಗೈ ಹೆಬ್ಬೆರಳಲ್ಲೂ ಒಂದು ಕಲೆಯಿದೆ. ಹಲಸಿನಹಣ್ಣು ಬಿಡಿಸಲು ಈಳಿಗೆಮಣೆಯ ಮುಂದೆ ಕೂತ ದಿನದ್ದು. ಮೊದಮೊದಲು ಅವನು ಅದರ ಕತೆ ಹೇಳುವಾಗ ಬರೀ ರಕ್ತ. ಹೇಳಿದಷ್ಟೂ ಗಾಯ ಆಳವಾಯಿತು, ಕೇಳುವವರ ಆಕಳಿಕೆ ಉದ್ದವಾಯಿತು. ಬರೆಯಲು ಕೂತಾಗ ಉಪಯೋಗಕ್ಕೆ ಬಂದದ್ದು ಬೇರೆಯೇ: ಕಾಫಿಪುಡಿ ಒತ್ತಬೇಕೋ ಅರಿಶಿನವೋ ಎಂದು ಅಮ್ಮನಿಗೂ ಸೋದರತ್ತೆಗೂ ಹತ್ತಿದ ವಾದ, ಅದು ಮುಗಿಯುವವರೆಗೆ ಎತ್ತಿ ಹಿಡಿದ ಬೆರಳು, ಆಗಲೂ ಬಿಡದ ಹಲಸಿನ ಮೇಣ.

ನೋವು ಎಲ್ಲರ ಮೈಯಲ್ಲೂ ಹೆಚ್ಚುಕಡಿಮೆ ಒಂದೇ ಥರ. ಮೇಣವೂ ವಾದವೂ ಅವರವರದು.

ಸಿಲ್ವಿಯಾ ಪ್ಲಾತ್ 1962ರ ಅಕ್ಟೋಬರಿನಲ್ಲಿ ‘ಕಟ್’ ಕವಿತೆ ಬರೆದದ್ದು ಈರುಳ್ಳಿಯ ಬದಲು ಹೆಬ್ಬೆರಳನ್ನೇ ಹೆಚ್ಚಿಕೊಂಡ ಮೇಲೆ. ಅದರಲ್ಲಿ ಗೋಳಿಗಿಂತ ಕುತೂಹಲ ಹೆಚ್ಚು, ತುಸು ಕುಚೇಷ್ಟೆ ಕೂಡ.

ಗಾಯವನ್ನು ಹಿಗ್ಗಿಸಿದರೆ ಏನಾಗುತ್ತದೆ ಎಂಬುದಕ್ಕೆ ಲೇಖಕ ರೋಲ್ಡ್ ಡಾಲ್ ಇದ್ದಾರೆ. 1940ರಲ್ಲಿ ಉತ್ತರ ಆಫ್ರಿಕದ ಮರಳುಗಾಡಿನ ಮೇಲೆ ದಾರಿ ಸಿಗದೆ, ಇಂಧನ ಮುಗಿಯುತ್ತ ಬಂದು, ಇಳಿಯಹೋದ ಅವರ ಯುದ್ಧವಿಮಾನ ನೆಲಕ್ಕಪ್ಪಳಿಸಿತು. 1942ರಲ್ಲಿ ಅಮೆರಿಕದ ಪತ್ರಿಕೆಯೊಂದು ಅದನ್ನು ಶತ್ರುಗಳು ಹೊಡೆದುರುಳಿಸಿದ ಕತೆಯೆಂಬ ತಲೆಬರಹದಡಿ ಅಚ್ಚುಹಾಕಿತು. ಗುಂಡು ತಾಗಿಯೇ ಇರಲಿಲ್ಲ. 1986ರ ‘ಗೋಯಿಂಗ್ ಸೋಲೋ’ದಲ್ಲಿ ಡಾಲ್ ಇದ್ದದ್ದನ್ನು ಇದ್ದಂತೆ ಬರೆದರು, ಎದೆ ನಡುಗಿಸುವುದು ಅದೇ.

ಪ್ರಬಂಧ ಪ್ರಕಾರದ ಹಿರಿಯ ಮೊಂತೇನ್ ಕೂಡ ಕುದುರೆಯಿಂದ ಬಿದ್ದವರು. ಅವರದೇ ಆಳೊಬ್ಬ ನಾಗಾಲೋಟದಲ್ಲಿ ಬಂದು ಗುದ್ದಿದ್ದ. ಸತ್ತರೆಂದೇ ತಿಳಿದು ಜೊತೆಯವರು ಹೊತ್ತು ತಂದರು. 1580ರ ಪುಸ್ತಕದಲ್ಲಿ ಅವರು ಬಿಡದೆ ದಾಖಲಿಸಿದ ಸಂಗತಿ ನೋಡಿ: ಏರುಪೇರಿನ ದಾರಿಯಲ್ಲಿ ತಡವರಿಸುತ್ತ ಬರುತ್ತಿದ್ದ ಹೆಂಡತಿಗೊಂದು ಕುದುರೆ ಕೊಡಿ ಎಂದರಂತೆ. ಹಾಗೆ ಅಂದದ್ದು ಅವರಿಗೇ ಅರಿವಿರಲಿಲ್ಲ.

ಹಾಗಾಗಿ ಸ್ಕೂಟರಿನಿಂದ ಜಾರಿದ ದಿನ, ಒಗ್ಗರಣೆ ಸಿಡಿದ ದಿನ, ನೋಡಲು ಬಂದವರಿಗೆಲ್ಲ ಹೇಳಿ ಹೇಳಿ ಸವೆಸುವ ಮುನ್ನ ಸುತ್ತ ಏನಿತ್ತೆಂದು ಬರೆದಿಟ್ಟುಕೊಳ್ಳಿ: ಒಲೆಯ ಮೇಲಿದ್ದದ್ದೇನು, ಯಾರು ಏನಂದರು, ಜನ ಮೊದಲು ಎತ್ತಿದ್ದು ನಿಮ್ಮನ್ನೋ ಸ್ಕೂಟರನ್ನೋ. ಕತೆ ನಿಧಾನವಾಗಿ ಬರಲಿ. ಟಿ.ಟಿ. ಇಂಜೆಕ್ಷನ್ ಮಾತ್ರ ಅವತ್ತೇ ಹಾಕಿಸಿಕೊಳ್ಳಿ.